ನೆಟ್ ಹೋದರೆ ಒಳಗಿನ ಬಿಲ್ಲೂ ಯಾಕೆ ನಿಲ್ಲುತ್ತದೆ? ಸಣ್ಣ ನೆಟ್‌ವರ್ಕಿನಲ್ಲಿ ರಿವರ್ಸ್ ಡಿಎನ್‌ಎಸ್ ದೋಷ ಹುಡುಕುವ ಬಗೆ

ಹೆಸರು ಕೊಟ್ಟರೆ ಯಂತ್ರದ ಐಪಿ ಸಂಖ್ಯೆ ಹೇಳುವುದು ಡಿಎನ್‌ಎಸ್; ಸಂಖ್ಯೆ ಕೊಟ್ಟರೆ ಹೆಸರು ಹೇಳುವುದು ರಿವರ್ಸ್ ಡಿಎನ್‌ಎಸ್. ಅದು ಕೆಟ್ಟಿದೆ ಎಂದು ಯಾರೂ ಫೋನ್ ಮಾಡುವುದಿಲ್ಲ. ‘ಸರ್ವರ್ ನಿಧಾನ ಆಗಿದೆ’, ‘ಲಾಗಿನ್ ಕೊಟ್ಟರೆ ಸುಮಾರು ಹೊತ್ತು ಸುಮ್ಮನೆ ಕೂರುತ್ತದೆ, ಆಮೇಲೆ ಸರಿಯಾಗಿ ಓಡುತ್ತದೆ’, ‘ಮೇಲ್ ಕಳಿಸಿದ್ದು ವಾಪಸ್ ಬಂತು’ ಎಂದೆಲ್ಲ ಫೋನ್ ಬರುತ್ತದೆ. ಶಿರಸಿ, ಕುಮಟಾ, ಕಾರವಾರದ ಕಡೆಯ ಸಣ್ಣ ಕಚೇರಿಗಳಲ್ಲಿ ಮಳೆಗಾಲದ ದೂರು ಇನ್ನೂ ವಿಚಿತ್ರ: ಹೊರಗಿನ ಇಂಟರ್ನೆಟ್ ಹೋದ ದಿನ ಕಚೇರಿಯೊಳಗೇ ಇರುವ ಸರ್ವರ್ ಕೂಡ ತೆವಳುತ್ತದೆ. ಕೇಬಲ್ ಸರಿಯಿದೆ, ಸ್ವಿಚ್ಚಿನ ದೀಪ ಮಿನುಗುತ್ತಿದೆ, ಪಿಂಗ್ ಎಂದು ಯಂತ್ರವನ್ನು ತಟ್ಟಿ ಕೇಳಿದರೆ ಉತ್ತರ ಒಂದು ಮಿಲಿಸೆಕೆಂಡಿನಲ್ಲಿ ಬರುತ್ತದೆ, ಆದರೂ ಕೆಲಸ ಸಾಗುವುದಿಲ್ಲ. ಇಂಥ ಕಡೆ ಹೊಸ ಸರ್ವರ್ ಕೊಳ್ಳುವ ಮಾತು ಎತ್ತುವ ಮೊದಲು ಮುಂದಿನದನ್ನೊಮ್ಮೆ ನೋಡಿ.

ಗುರುತು ಹಿಡಿಯುವುದು

ಈ ದೋಷದಲ್ಲಿ ತಡವಾಗುವುದು ಶುರುವಿನಲ್ಲಿ ಮಾತ್ರ. ಸಂಪರ್ಕ ಆಗುವ ತನಕ ಕಾಯಿಸುತ್ತದೆ, ಆದ ಮೇಲೆ ಎಂದಿನ ವೇಗ. ಡಿಸ್ಕ್ ಸೋತಿದ್ದರೆ ಅಥವಾ ಮೆಮೊರಿ ಸಾಲದಿದ್ದರೆ ನಿಧಾನ ಕೊನೆಯ ತನಕ ಇರುತ್ತದೆ.

ಕಾಯುವ ಹೊತ್ತೂ ಸುಳಿವು ಕೊಡುತ್ತದೆ. ಲಿನಕ್ಸ್ ಯಂತ್ರ ಡಿಎನ್‌ಎಸ್ ಸರ್ವರನ್ನು ಒಮ್ಮೆ ಕೇಳಿ 5 ಸೆಕೆಂಡ್ ಕಾಯುತ್ತದೆ. ಉತ್ತರ ಬಾರದಿದ್ದರೆ ಇನ್ನೊಮ್ಮೆ ಕೇಳಿ ಮತ್ತೆ 5 ಸೆಕೆಂಡ್. ಸೆಟ್ಟಿಂಗ್ ಬದಲಿಸದೆ ಬಿಟ್ಟಿದ್ದರೆ ಒಂದು ಮೂಕ ಸರ್ವರಿಗೆ 10 ಸೆಕೆಂಡ್, ಎರಡು ಮೂಕ ಸರ್ವರಿಗೆ 20. ಗಡಿಯಾರ ಹಿಡಿದು ಅಳೆಯಿರಿ. ತಡ ಪ್ರತಿಸಲ ಹೆಚ್ಚುಕಡಿಮೆ 5ರ ಮಗ್ಗಿಯಲ್ಲೇ ಬಂದರೆ ಡಿಎನ್‌ಎಸ್ ಮೇಲೆ ಅನುಮಾನ ಪಡಲು ಅಷ್ಟು ಸಾಕು. ಹೊರೆ ಹೆಚ್ಚಾಗಿ ನಿಧಾನವಾದ ಯಂತ್ರ ಒಮ್ಮೆ 3, ಒಮ್ಮೆ 8, ಒಮ್ಮೆ 14 ಎಂದು ಹೇಗೆ ಬೇಕೋ ಹಾಗೆ ಎಳೆಯುತ್ತದೆ, ಇಷ್ಟು ಲೆಕ್ಕಾಚಾರದಿಂದ ತಡ ಮಾಡುವುದಿಲ್ಲ.

ಅನುಮಾನ ಗಟ್ಟಿ ಮಾಡಿಕೊಳ್ಳಲು ಹೆಸರು ಹುಡುಕುವ ಕೆಲಸವನ್ನೇ ತೆಗೆದು ನೋಡುವುದು ಸುಲಭದ ದಾರಿ. ಪ್ಯಾಕೆಟ್ ಹೋಗುವ ದಾರಿ ತೋರಿಸುವ ಟ್ರೇಸ್‌ರೂಟ್, ಇರುವ ಸಂಪರ್ಕ ತೋರಿಸುವ ನೆಟ್‌ಸ್ಟ್ಯಾಟ್, ತಂತಿಯ ಮೇಲೆ ಹರಿಯುವುದನ್ನು ತೋರಿಸುವ ಟಿಸಿಪಿಡಂಪ್ ಈ ಮೂರು ಆಜ್ಞೆಗಳಿಗೂ ‘-ಎನ್’ ಎಂಬ ಆಯ್ಕೆ ಇದೆ. ಅದನ್ನು ಕೊಟ್ಟರೆ ಅವು ಬರೀ ಸಂಖ್ಯೆ ತೋರಿಸುತ್ತವೆ, ಹೆಸರು ಹುಡುಕಲು ಹೋಗುವುದಿಲ್ಲ. ಟ್ರೇಸ್‌ರೂಟ್ ಹಾಗೇ ಓಡಿಸಿದಾಗ ಸಾಲು ಸಾಲಿಗೂ ನಿಂತು, ‘-ಎನ್’ ಹಾಕಿದಾಗ ಸರಾಗ ಹೋದರೆ ದೋಷ ರಿವರ್ಸ್ ಲುಕಪ್‌ನಲ್ಲೇ ಇದೆ. ವಿಂಡೋಸ್‌ನ ಟ್ರೇಸರ್ಟ್‌ನಲ್ಲಿ ಇದೇ ಕೆಲಸಕ್ಕೆ ‘-ಡಿ’ ಇದೆ.

ಸಂಖ್ಯೆ ತಿರುಗುವುದೇಕೆ

192.168.1.23 ಎಂಬ ವಿಳಾಸದ ಹೆಸರು ಕೇಳಬೇಕಾದರೆ ಯಂತ್ರ ಅದನ್ನು ಹಿಂದುಮುಂದು ಮಾಡಿ 23.1.168.192.ಇನ್-ಆಡರ್.ಆರ್ಪಾ ಎಂಬ ಹೆಸರು ಕಟ್ಟಿ, ಅದಕ್ಕೆ ಪಿಟಿಆರ್ ದಾಖಲೆ (ಸಂಖ್ಯೆಗೆ ಹೆಸರು ಹೇಳುವ ಸಾಲು) ಇದೆಯೇ ಎಂದು ಕೇಳುತ್ತದೆ. ನಾವು ಪತ್ರದ ಮೇಲೆ ಮನೆ, ಕೇರಿ, ಊರು, ತಾಲೂಕು, ಜಿಲ್ಲೆ ಎಂದು ಸಣ್ಣದರಿಂದ ದೊಡ್ಡದಕ್ಕೆ ಬರೆಯುವ ಹಾಗೆ ಡಿಎನ್‌ಎಸ್ ಹೆಸರೂ ಸಣ್ಣದರಿಂದ ದೊಡ್ಡದಕ್ಕೆ ಹೋಗುತ್ತದೆ. ಐಪಿ ವಿಳಾಸ ಮಾತ್ರ ದೊಡ್ಡದರಿಂದ ಸಣ್ಣದಕ್ಕೆ ಬರುತ್ತದೆ. ಎರಡನ್ನೂ ಒಂದೇ ದಿಕ್ಕಿಗೆ ತರಲು ಸಂಖ್ಯೆಯನ್ನು ತಿರುಗಿಸಬೇಕು. 1987ರ ಆರ್‌ಎಫ್‌ಸಿ 1035 ಎಂಬ ಇಂಟರ್ನೆಟ್ ನಿಯಮಪತ್ರದಲ್ಲೇ ಈ ಏರ್ಪಾಟು ಇದೆ.

ಇಲ್ಲಿ ಗಟ್ಟಿಯಾಗಿ ಮನಸ್ಸಿನಲ್ಲಿಡಬೇಕಾದ ಸಂಗತಿ ಒಂದಿದೆ. ಹೆಸರಿನಿಂದ ಸಂಖ್ಯೆಗೆ ಹೋಗುವ ದಾಖಲೆ ಡೊಮೇನ್ ಕೊಂಡವರ ಕೈಯಲ್ಲಿರುತ್ತದೆ. ಸಂಖ್ಯೆಯಿಂದ ಹೆಸರಿಗೆ ಬರುವ ದಾಖಲೆ ಆ ಸಂಖ್ಯೆ ಯಾರದೋ ಅವರ ಕೈಯಲ್ಲಿ. ಎರಡೂ ಬೇರೆ ಬೇರೆ ಕಡತ, ಒಂದನ್ನು ತಿದ್ದಿದರೆ ಇನ್ನೊಂದು ತಾನಾಗಿ ತಿದ್ದಿಕೊಳ್ಳುವುದಿಲ್ಲ. ‘ಹೆಸರು ಹಾಕಿದ್ದೇನಲ್ಲ, ಪಿಂಗ್ ಬರುತ್ತದಲ್ಲ’ ಎನ್ನುವವರು ನೋಡಿರುವುದು ಮೊದಲ ಕಡತವನ್ನು ಮಾತ್ರ.

ಯಾವ ಪ್ರೋಗ್ರಾಂ ಇದನ್ನು ಕೇಳುತ್ತದೆ? ಮೈಎಸ್‌ಕ್ಯೂಎಲ್ ಡೇಟಾಬೇಸ್ ಹೊಸ ಸಂಪರ್ಕ ಬಂದಾಗ ಎದುರಿನವರ ಹೆಸರು ಹುಡುಕುತ್ತದೆ. ಹೆಸರು ಸಿಕ್ಕರೆ ಆ ಹೆಸರಿನಿಂದ ಮತ್ತೆ ಸಂಖ್ಯೆ ಹುಡುಕಿ ತಾಳೆ ನೋಡುತ್ತದೆ. ಫೈಲ್ ಸಾಗಿಸುವ ವಿಎಸ್‌ಎಫ್‌ಟಿಪಿಡಿ ಕೇಳುತ್ತದೆ. ಪೋಸ್ಟ್‌ಫಿಕ್ಸ್ ಮೇಲ್ ಸರ್ವರ್ ಕೇಳುತ್ತದೆ; ಸಿಗದಿದ್ದರೆ ಲಾಗ್‌ನಲ್ಲಿ ‘ಅನ್‌ನೋನ್’ ಎಂದು ಬರೆದು ಪಕ್ಕದಲ್ಲಿ ಚೌಕ ಆವರಣದಲ್ಲಿ ಐಪಿ ಹಾಕುತ್ತದೆ. ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಮೊದಲು ಕೇಳುತ್ತಿತ್ತು. 2015ರ ಓಪನ್‌ಎಸ್‌ಎಸ್‌ಎಚ್ 6.8ರಿಂದ ‘ಯೂಸ್‌ಡಿಎನ್‌ಎಸ್’ ತಾನಾಗಿಯೇ ‘ನೋ’ ಇರುತ್ತದೆ. ಹಳೆಯ ಯಂತ್ರಕ್ಕೆ ಲಾಗಿನ್ ಆಗಲು ತಡವಾಗಿ ಹೊಸದಕ್ಕೆ ಆಗದಿದ್ದರೆ ಕಾರಣ ಬಹುಪಾಲು ಇದೇ.

‘ಇಲ್ಲ’ ಎನ್ನುವುದು ಬೇರೆ, ಸುಮ್ಮನಿರುವುದು ಬೇರೆ

ಇಡೀ ಹುಡುಕಾಟದ ನಡುಗಂಬ ಇದು. ಸರ್ವರ್ ಮೇಲೆ ಕೂತು, ಡಿಎನ್‌ಎಸ್ ವಿಚಾರಿಸುವ ಡಿಗ್ ಎಂಬ ಆಜ್ಞೆಯಿಂದ ಹೀಗೆ ಕೇಳಿ (ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲಿ):

ಡಿಗ್ -ಎಕ್ಸ್ 192.168.1.23 @192.168.1.1

ಕೊನೆಯ ಸಂಖ್ಯೆ ನಿಮ್ಮ ಡಿಎನ್‌ಎಸ್ ಸರ್ವರಿನದು. ಸಣ್ಣ ಕಚೇರಿಯಲ್ಲಿ ಸಾಮಾನ್ಯವಾಗಿ ರೂಟರೇ. ಬಂದ ಉತ್ತರದಲ್ಲಿ ಎರಡು ಕಡೆ ಕಣ್ಣು ಹಾಕಿ: ಮೇಲಿನ ‘ಸ್ಟೇಟಸ್’, ಕೆಳಗಿನ ‘ಕ್ವೆರಿ ಟೈಮ್’.

‘ಎನ್‌ಎಕ್ಸ್‌ಡೊಮೇನ್’ ಎಂದು ಬಂದರೆ ಅಂಥ ಹೆಸರಿಲ್ಲ ಎಂಬ ಸ್ಪಷ್ಟ ಉತ್ತರ. ಇದನ್ನು ಕಂಡು ಗಾಬರಿ ಬೀಳುವವರು ಬಹಳ, ಆದರೆ ಬೇಗ ಬಂದ ‘ಇಲ್ಲ’ದಿಂದ ಯಾರಿಗೂ ತೊಂದರೆಯಿಲ್ಲ. ಕೇಳಿದ ಪ್ರೋಗ್ರಾಂ ‘ಸರಿ, ಹೆಸರಿಲ್ಲ’ ಎಂದು ಮುಂದೆ ಹೋಗುತ್ತದೆ. ಮೈಎಸ್‌ಕ್ಯೂಎಲ್ ಅಂತೂ ಆ ‘ಇಲ್ಲ’ವನ್ನು ನೆನಪಿಟ್ಟುಕೊಂಡು ಮುಂದಿನ ಸಲ ಕೇಳುವುದನ್ನೇ ಬಿಡುತ್ತದೆ. ‘ನೋಎರರ್’ ಎಂದು ಬಂದು ಉತ್ತರದ ಜಾಗ ಖಾಲಿ ಇದ್ದರೂ ಪರಿಣಾಮ ಹೆಚ್ಚುಕಡಿಮೆ ಅಷ್ಟೇ.

‘ರಿಫ್ಯೂಸ್ಡ್’ ಎಂದರೆ ಆ ಸರ್ವರ್ ನಿಮಗೆ ಉತ್ತರ ಕೊಡಲು ಒಪ್ಪುತ್ತಿಲ್ಲ. ಅದರ ಅನುಮತಿ ಪಟ್ಟಿಯಲ್ಲಿ ನಿಮ್ಮ ಸಬ್‌ನೆಟ್ (ಕಚೇರಿಯ ಐಪಿಗಳ ಗುಂಪು) ಇಲ್ಲ. ‘ಸರ್ವ್‌ಫೇಲ್’ ಎಂದರೆ ಅದು ಪ್ರಯತ್ನಿಸಿ ಸೋತಿದೆ: ಮೇಲಿನ ಸರ್ವರ್ ಸಿಕ್ಕಿಲ್ಲ, ಝೋನ್ ಫೈಲ್ (ದಾಖಲೆಗಳನ್ನು ಬರೆದಿಟ್ಟ ಕಡತ) ತಪ್ಪಿದ್ದು ಲೋಡ್ ಆಗಿಲ್ಲ, ಅಥವಾ ಉತ್ತರ ಅಸಲಿಯೇ ಎಂದು ನೋಡುವ ಡಿಎನ್‌ಎಸ್‌ಸೆಕ್ ಪರಿಶೀಲನೆಯಲ್ಲಿ ಫೇಲಾಗಿದೆ.

ಯಾವುದೂ ಬಾರದೆ ಸುಮ್ಮನೆ ಕೂತು, ಡಿಗ್ 15 ಸೆಕೆಂಡ್ ಕಾದು ‘ಯಾವ ಸರ್ವರೂ ಸಿಗಲಿಲ್ಲ’ ಎಂದು ಕೈಚೆಲ್ಲಿದರೆ, ಅದೇ ರೋಗ. ಪ್ರೋಗ್ರಾಂಗಳನ್ನು ಕಾಯಿಸುವುದು ಈ ಮೌನ. ಇಲ್ಲಿ ಮೈಎಸ್‌ಕ್ಯೂಎಲ್‌ಗೂ ನೆನಪಿಟ್ಟುಕೊಳ್ಳಲು ಏನೂ ಸಿಗುವುದಿಲ್ಲ, ಪ್ರತಿ ಸಂಪರ್ಕಕ್ಕೂ ಮತ್ತೆ ಮೊದಲಿನಿಂದ ಕೇಳುತ್ತದೆ, ಮತ್ತೆ ಕಾಯುತ್ತದೆ. ಆದ್ದರಿಂದ ನಮ್ಮ ಮೊದಲ ಗುರಿ ಎಲ್ಲ ಯಂತ್ರಕ್ಕೂ ಚೆಂದದ ಹೆಸರು ಕೊಡುವುದಲ್ಲ. ಕೇಳಿದ ಪ್ರತಿ ಪ್ರಶ್ನೆಗೂ, ‘ಇಲ್ಲ’ ಎಂದಾದರೂ ಸರಿ, ಕಚೇರಿಯ ಗೋಡೆಯೊಳಗಿನಿಂದಲೇ ತಕ್ಷಣ ಉತ್ತರ ಬರುವಂತೆ ಮಾಡುವುದು.

ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ

ಇದು ಎಷ್ಟು ನಿಜ ಎಂದು ಕಣ್ಣಾರೆ ಕಂಡದ್ದು ಶಿರಸಿಯ ಒಂದು ವಖಾರಿಯಲ್ಲಿ. ಅಡಿಕೆ ತೂಕವಾಗಿ, ರಾಶಿ, ಚಾಲಿ, ಬೆಟ್ಟೆ, ಬಿಳಿಗೋಟು ಎಂದು ಬೇರೆ ಬೇರೆ ದರ ಬಿದ್ದು, ಬೆಳೆಗಾರರ ಕೈಗೆ ಪಟ್ಟಿ ಹೋಗಬೇಕು. ಬಿಲ್ಲಿನ ಡೇಟಾಬೇಸ್ ಇರುವುದು ಒಳಕೋಣೆಯ ಲಿನಕ್ಸ್ ಯಂತ್ರದಲ್ಲಿ, ವಿಳಾಸ 192.168.1.10. ಮುಂದಿನ ಮೇಜುಗಳಲ್ಲಿ ವಿಂಡೋಸ್ ಕಂಪ್ಯೂಟರ್‌ಗಳು. ಹೊರಗಿನ ಇಂಟರ್ನೆಟ್ಟಿಗೂ ಬಿಲ್ಲಿಗೂ ಸಂಬಂಧವೇ ಇಲ್ಲ. ಆದರೆ ಮಳೆಗೆ ಎಲ್ಲೋ ಮರ ಬಿದ್ದು ಫೈಬರ್ ತುಂಡಾದ ದಿನ ಪ್ರತಿ ಬಿಲ್ಲಿಗೂ 10 ಸೆಕೆಂಡ್ ಹೆಚ್ಚಿಗೆ ಹಿಡಿಯುತ್ತಿತ್ತು.

‘ತಮಾ, ನೆಟ್ ಹೋದ್ರೆ ಹೋಗ್ಲಿ, ಬಿಲ್ಲು ಎಂತಕ್ಕೆ ನಿತ್ಕತ್ತು?’ ಎಂದು ಲೆಕ್ಕ ನೋಡುವ ಹಿರಿಯರು ಕೇಳಿದರು. ಅವರ ಪ್ರಶ್ನೆಯಲ್ಲೇ ಅರ್ಧ ಉತ್ತರ ಇತ್ತು. ನೆಟ್ ಹೋದಾಗ ಮಾತ್ರ ನಿಲ್ಲುತ್ತದೆ ಎಂದಾದರೆ, ಒಳಗೇ ಮುಗಿಯಬೇಕಾದ ಯಾವುದೋ ಒಂದು ಪ್ರಶ್ನೆ ಹೊರಗೆ ಹೋಗುತ್ತಿದೆ. ಆ ಪ್ರಶ್ನೆ ಯಾವುದು ಎಂದು ತಂತಿಯ ಮೇಲೇ ನೋಡಬೇಕು:

ಟಿಸಿಪಿಡಂಪ್ -ಎನ್ -ಐ ಎನಿ ಪೋರ್ಟ್ 53

ಇಲ್ಲಿ ‘-ಎನ್’ ಬಿಡಲೇಬಾರದು. ಬಿಟ್ಟರೆ ಟಿಸಿಪಿಡಂಪ್ ತಾನೇ ರಿವರ್ಸ್ ಪ್ರಶ್ನೆ ಕೇಳಲು ಹೊರಟು, ಯಾವುದು ರೋಗದ್ದು ಯಾವುದು ಪರೀಕ್ಷೆಯದ್ದು ಎಂದು ಗೊತ್ತಾಗದಂತೆ ಕಲಸಿಹೋಗುತ್ತದೆ. ಮುಂದಿನ ಮೇಜಿನಲ್ಲಿ ಒಂದು ಬಿಲ್ ತೆರೆಸಿದಾಗ ಕಂಡದ್ದು ಈ ಬಗೆಯ ಸಾಲುಗಳು:

14:02:11 – 192.168.1.10ರಿಂದ 192.168.1.1ಕ್ಕೆ: ಪಿಟಿಆರ್? 23.1.168.192.ಇನ್-ಆಡರ್.ಆರ್ಪಾ
14:02:16 – 192.168.1.10ರಿಂದ 192.168.1.1ಕ್ಕೆ: ಪಿಟಿಆರ್? 23.1.168.192.ಇನ್-ಆಡರ್.ಆರ್ಪಾ

ಒಂದೇ ಪ್ರಶ್ನೆ ಎರಡು ಸಲ, ನಡುವೆ ಸರಿಯಾಗಿ 5 ಸೆಕೆಂಡ್, ಉತ್ತರದ ಸಾಲೇ ಇಲ್ಲ. 14:02:21ಕ್ಕೆ ಡೇಟಾಬೇಸ್ ಆಸೆ ಬಿಟ್ಟು ಬಿಲ್ ತೆರೆಯಿತು. ಬಿಲ್ಲಿಂಗ್ ಸಾಫ್ಟ್‌ವೇರ್ ಪ್ರತಿ ಬಿಲ್ಲಿಗೂ ಹೊಸ ಸಂಪರ್ಕ ಮಾಡುವುದರಿಂದ ಪ್ರತಿ ಬಿಲ್ಲಿಗೂ ಇದೇ ಕಥೆ.

ನೆಟ್ ಇದ್ದಾಗ ಆಗುತ್ತಿದ್ದುದೇನು? ರೂಟರಿಗೆ 192.168.1.23 ಯಾರೆಂದು ಗೊತ್ತಿಲ್ಲ. ಅದು ಪ್ರಶ್ನೆಯನ್ನು ಇಂಟರ್ನೆಟ್ ಕೊಟ್ಟವರ ಸರ್ವರಿಗೆ ದಾಟಿಸುತ್ತಿತ್ತು, ಅಲ್ಲಿಂದ ಕ್ಷಣಾರ್ಧದಲ್ಲಿ ‘ಎನ್‌ಎಕ್ಸ್‌ಡೊಮೇನ್’ ಬರುತ್ತಿತ್ತು, ಬಿಲ್ ತೆರೆಯುತ್ತಿತ್ತು. ದೋಷ ಬಿಸಿಲುಗಾಲದಲ್ಲೂ ಇತ್ತು, ಹೊರಗಿನವರ ಚುರುಕು ಉತ್ತರ ಅದನ್ನು ಮುಚ್ಚಿಟ್ಟಿತ್ತು. ಲೈನ್ ಕಡಿದಾಗ ಆ ಉತ್ತರ ನಿಂತಿತು, ರೂಟರ್ ತಾನೂ ಏನೂ ಹೇಳಲಿಲ್ಲ.

192.168, 10 ಮತ್ತು 172.16ರಿಂದ 172.31ರ ತನಕದ ವಿಳಾಸಗಳು ಆರ್‌ಎಫ್‌ಸಿ 1918ರ ಪ್ರಕಾರ ಖಾಸಗಿ. ಜಗತ್ತಿನ ತುಂಬ ಲಕ್ಷಾಂತರ ಕಚೇರಿಗಳು ಇದೇ ಸಂಖ್ಯೆಗಳನ್ನು ಬಳಸುತ್ತವೆ, ಹೊರಗಿನ ಯಾವ ಸರ್ವರಿಗೂ ಶಿರಸಿಯ ಈ ಮೇಜಿನ ಹೆಸರು ಗೊತ್ತಿರಲು ಸಾಧ್ಯವಿಲ್ಲ. ಆದರೂ ಇಂಥ ಪ್ರಶ್ನೆಗಳು ಎಷ್ಟು ಸೋರುತ್ತವೆಂದರೆ ಅವುಗಳಿಗೆ ‘ಇಲ್ಲ’ ಎನ್ನುವುದಕ್ಕೇ ಎಎಸ್112 ಎಂಬ ಹೆಸರಿನಲ್ಲಿ ಸ್ವಯಂಸೇವಕರು ಜಗತ್ತಿನ ಹಲವೆಡೆ ಸರ್ವರ್ ಇಟ್ಟಿದ್ದಾರೆ. ಡಿಗ್ ಉತ್ತರದ ಅಥಾರಿಟಿ ಸಾಲಿನಲ್ಲಿ ‘ಪ್ರಿಸನರ್.ಐಯಾನಾ.ಆರ್ಗ್’ ಎಂದು ಕಂಡರೆ ನಿಮ್ಮ ಕಚೇರಿಯ ಒಳಪ್ರಶ್ನೆ ಹೊರಗೆ ಸೋರಿದೆ ಎಂದೇ ಅರ್ಥ. ಬಿಲ್ ಬೇಗ ಬರುತ್ತಿದ್ದರೂ ಇದನ್ನು ಸರಿಪಡಿಸಿ. ಒಳಗಿನ ಯಾವ ಯಂತ್ರ ಯಾವಾಗ ಎದ್ದಿದೆ ಎಂಬುದು ಹೊರಗಿನವರಿಗೆ ಬೇಡದ ಸುದ್ದಿ.

ಸರಿಪಡಿಸುವುದು

ಕೆಲಸ ನಿಂತಿದೆ, ಜನ ಕಾಯುತ್ತಿದ್ದಾರೆ ಎಂದಾದರೆ ತುರ್ತಿಗೆ ಮೂರು ದಾರಿಗಳಿವೆ. ಸರ್ವರಿನ /ಇಟಿಸಿ/ಹೋಸ್ಟ್ಸ್ ಫೈಲಿನಲ್ಲಿ ಮೇಜುಗಳ ಐಪಿ ಮತ್ತು ಹೆಸರು ಬರೆದುಬಿಡಿ; ಡಿಎನ್‌ಎಸ್ ತನಕ ಪ್ರಶ್ನೆ ಹೋಗುವುದೇ ಇಲ್ಲ. ಅಥವಾ ಮೈಎಸ್‌ಕ್ಯೂಎಲ್‌ಗೆ ‘ಸ್ಕಿಪ್-ನೇಮ್-ರಿಸಾಲ್ವ್’ ಹಾಕಿ ರೀಸ್ಟಾರ್ಟ್ ಮಾಡಿ. ಎರಡನೆಯದಕ್ಕೆ ಮೊದಲು ಬಳಕೆದಾರರ ಅನುಮತಿಗಳನ್ನು ನೋಡಲೇಬೇಕು: ಅನುಮತಿ ಯಂತ್ರದ ಹೆಸರಿಗೆ ಕೊಟ್ಟಿದ್ದರೆ ಈ ಆಯ್ಕೆ ಹಾಕಿದ ಕ್ಷಣ ಅದು ಹೊಂದುವುದಿಲ್ಲ, ಇಡೀ ವಖಾರಿಗೆ ಬಾಗಿಲು ಹಾಕಿದಂತಾಗುತ್ತದೆ. ಐಪಿಗೆ ಕೊಟ್ಟಿದ್ದರೆ ಚಿಂತೆಯಿಲ್ಲ. ಮೂರನೆಯದು, ಯಾವ ಡಿಎನ್‌ಎಸ್ ಕೇಳಬೇಕು ಎಂದು ಬರೆದಿರುವ ರಿಸಾಲ್ವ್.ಕಾನ್ಫ್ ಫೈಲಿನಲ್ಲಿ ‘ಟೈಮ್‌ಔಟ್:1 ಅಟೆಂಪ್ಟ್ಸ್:1’ ಹಾಕಿ ಕಾಯುವ ಹೊತ್ತು ಇಳಿಸುವುದು. ಇದು ನನಗೆ ಇಷ್ಟವಿಲ್ಲದ ದಾರಿ. ನೋವು ಕಡಿಮೆಯಾಗುತ್ತದೆ, ದೋಷ ಹಾಗೇ ಉಳಿಯುತ್ತದೆ, ಜೊತೆಗೆ ನಿಧಾನದ ಲೈನಿನಲ್ಲಿ ಸರಿಯಾದ ಉತ್ತರಕ್ಕೂ ಕಾಯದೆ ಹೋಗುತ್ತದೆ.

ಶಾಶ್ವತ ಪರಿಹಾರ, ಖಾಸಗಿ ವಿಳಾಸಗಳ ರಿವರ್ಸ್ ಪ್ರಶ್ನೆಗೆ ಒಳಗೇ ಉತ್ತರಿಸುವ ಡಿಎನ್‌ಎಸ್. ಸಣ್ಣ ಕಚೇರಿಗೆ ಡಿಎನ್‌ಎಸ್‌ಮಾಸ್ಕ್ ಎಂಬ ಪುಟ್ಟ ಡಿಎನ್‌ಎಸ್ ಪ್ರೋಗ್ರಾಂ ಧಾರಾಳ ಸಾಕು. ಅದರಲ್ಲಿ ‘ಬೋಗಸ್-ಪ್ರಿವ್’ ಎಂಬ ಒಂದೇ ಪದದ ಸಾಲಿದೆ. ಅದನ್ನು ಬರೆದರೆ ಖಾಸಗಿ ವಿಳಾಸದ ರಿವರ್ಸ್ ಪ್ರಶ್ನೆ ಬಂದಾಗ ಹೋಸ್ಟ್ಸ್ ಫೈಲ್ ಮತ್ತು ಡಿಎಚ್‌ಸಿಪಿ (ಯಂತ್ರಗಳಿಗೆ ಐಪಿ ಹಂಚುವ ಏರ್ಪಾಟು) ಪಟ್ಟಿ ನೋಡುತ್ತದೆ, ಸಿಗದಿದ್ದರೆ ಹೊರಗೆ ದಾಟಿಸದೆ ತಾನೇ ‘ಇಲ್ಲ’ ಎನ್ನುತ್ತದೆ. ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿದ ರೂಟರಿನಲ್ಲಿ ಇದು ಮೊದಲೇ ಆನ್ ಇರುತ್ತದೆ. ಜಾಹೀರಾತು ತಡೆಯುವ ಡಿಎನ್‌ಎಸ್ ಆದ ಪೈ-ಹೋಲ್‌ನಲ್ಲಿ ಖಾಸಗಿ ವಿಳಾಸದ ರಿವರ್ಸ್ ಪ್ರಶ್ನೆ ಹೊರಗೆ ಕಳಿಸಬೇಡ ಎಂಬ ಟಿಕ್ ಇದೆ, ಅದನ್ನು ಹಾಕಿಡಿ. ಹೆಸರುಗಳೂ ಬೇಕಿದ್ದರೆ ‘ಹೋಸ್ಟ್-ರೆಕಾರ್ಡ್’ ಸಾಲು ಬಳಸಿ, ಅದು ಎರಡೂ ದಿಕ್ಕಿನ ದಾಖಲೆ ಮಾಡುತ್ತದೆ. ‘ಅಡ್ರೆಸ್’ ಎಂಬ ಸಾಲಿನಿಂದ ಹೆಸರಿನಿಂದ ಸಂಖ್ಯೆ ಮಾತ್ರ ಸಿಗುತ್ತದೆ, ಪಿಟಿಆರ್ ಹುಟ್ಟುವುದಿಲ್ಲ. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವವರು ಇದ್ದಾರೆ.

ಅನ್‌ಬೌಂಡ್ ಎಂಬ ಇನ್ನೊಂದು ಡಿಎನ್‌ಎಸ್ ಪ್ರೋಗ್ರಾಂ ಬಳಸುವವರಿಗೆ ಖಾಸಗಿ ವಿಳಾಸಗಳಿಗೆ ‘ಇಲ್ಲ’ ಎನ್ನುವ ಗುಣ ಹುಟ್ಟಿನಿಂದಲೇ ಇದೆ. ಹೆಸರು ಸೇರಿಸಲು ‘ಲೋಕಲ್-ಡೇಟಾ-ಪಿಟಿಆರ್’ ಸಾಲು. ಆದರೆ ರಿವರ್ಸ್ ಝೋನ್ ಬೇರೆ ಸರ್ವರಿನಲ್ಲಿದ್ದು ಅಲ್ಲಿಗೆ ಕಳಿಸಬೇಕಿದ್ದರೆ ಆ ಹುಟ್ಟುಗುಣವೇ ಅಡ್ಡ ಬರುತ್ತದೆ. 168.192.ಇನ್-ಆಡರ್.ಆರ್ಪಾ ಝೋನಿಗೆ ‘ನೋಡಿಫಾಲ್ಟ್’ ಎಂದು ಬರೆಯದ ಹೊರತು ಪ್ರಶ್ನೆ ಮುಂದೆ ಹೋಗುವುದೇ ಇಲ್ಲ.

ವಖಾರಿಯಲ್ಲಿ ಲಿನಕ್ಸ್ ಯಂತ್ರದ ಮೇಲೇ ಡಿಎನ್‌ಎಸ್‌ಮಾಸ್ಕ್ ಕೂರಿಸಿ, ಎಲ್ಲ ಮೇಜುಗಳ ಐಪಿಯನ್ನು ಡಿಎಚ್‌ಸಿಪಿಯಲ್ಲಿ ಕಾಯ್ದಿರಿಸಿ, ಹೆಸರುಗಳನ್ನು ಹೋಸ್ಟ್ಸ್ ಫೈಲಿಗೆ ಹಾಕಿದ್ದಾಯಿತು. ಒಳಗಿನ ಹೆಸರಿಗೆ ‘ಹೋಮ್.ಆರ್ಪಾ’ ಬಾಲ ಕೊಡುವುದು ಒಳ್ಳೆಯದು, ಖಾಸಗಿ ಬಳಕೆಗೆಂದೇ 2018ರಲ್ಲಿ ಅದನ್ನು ಮೀಸಲಿಟ್ಟಿದ್ದಾರೆ. ‘ಡಾಟ್ ಲೋಕಲ್’ ಬೇಡ. ಅದು ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ ಸೇರಿದ್ದು, ಬಳಸಿದರೆ ಕೆಲವು ಯಂತ್ರ ಸರ್ವರನ್ನು ಕೇಳದೆ ನೆಟ್‌ವರ್ಕಿಡೀ ಕೂಗಿ ಕಾಯುತ್ತವೆ. ಕೊನೆಗೆ ಪರೀಕ್ಷೆ: ರೂಟರಿನ ಹಿಂದಿನ ವ್ಯಾನ್ (ಹೊರಗಿನ ಇಂಟರ್ನೆಟ್ಟಿನ) ಕೇಬಲ್ ಕಿತ್ತು ಬಿಲ್ ತೆರೆಸಿದೆವು, ತಡವಿಲ್ಲದೆ ಬಂತು. ನೆಟ್ ಇದ್ದಾಗ ಮಾಡಿದ ಪರೀಕ್ಷೆಗೆ ಈ ದೋಷದಲ್ಲಿ ಬೆಲೆಯಿಲ್ಲ. ಡಿಎನ್‌ಎಸ್ ಇರುವ ಯಂತ್ರವನ್ನೂ ಸ್ವಿಚ್ಚನ್ನೂ ಒಂದೇ ಯುಪಿಎಸ್‌ಗೆ ಹಾಕಿಸಿ. ಕರೆಂಟ್ ಹೋದಾಗ ಮೇಜುಗಳು ಉಳಿದು ಡಿಎನ್‌ಎಸ್ ಸತ್ತರೆ ಮತ್ತದೇ ಮೌನ.

ಎರಡನೇ ಡಿಎನ್‌ಎಸ್ ಎಂಬ ಬಲೆ

ಡಿಎಚ್‌ಸಿಪಿಯಲ್ಲಿ ಮೊದಲ ಡಿಎನ್‌ಎಸ್ 192.168.1.10, ಎರಡನೆಯದು ‘ಇರಲಿ ಒಂದು’ ಎಂದು ಗೂಗಲ್‌ನ 8.8.8.8. ಸಣ್ಣ ಕಚೇರಿಗಳಲ್ಲಿ ತುಂಬ ಕಾಣುವ ಏರ್ಪಾಟು ಇದು, ಒಳಗಿನ ಹೆಸರುಗಳಿರುವ ಕಡೆ ತಪ್ಪು. ಮೊದಲನೆಯದಕ್ಕೆ ಗೊತ್ತಿಲ್ಲದಿದ್ದರೆ ಎರಡನೆಯದನ್ನು ಕೇಳುತ್ತದೆ ಎಂದು ಜನ ತಿಳಿಯುತ್ತಾರೆ, ಹಾಗಿಲ್ಲ. ಮೊದಲನೆಯದು ಮೌನವಾಗಿದ್ದರೆ, ಅಥವಾ ‘ಸರ್ವ್‌ಫೇಲ್’, ‘ರಿಫ್ಯೂಸ್ಡ್’ ಎಂದು ಕೈಚೆಲ್ಲಿದರೆ ಮಾತ್ರ ಎರಡನೆಯದರ ಸರದಿ. ‘ಇಲ್ಲ’ ಎಂದು ಯಾರು ಹೇಳಿದರೂ ಅದೇ ಕೊನೆಯ ಮಾತು. ಒಳಗಿನ ಸರ್ವರ್ ಒಂದು ಕ್ಷಣ ತಡಮಾಡಿದರೆ ಯಂತ್ರ 8.8.8.8ಕ್ಕೆ ಹೋಗಿ ‘ಇಲ್ಲ’ ಎಂಬ ಉತ್ತರ ತಂದು ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಒಂದು ಮೇಜಿನಲ್ಲಿ ಹೆಸರು ಕಾಣುತ್ತದೆ, ಪಕ್ಕದ ಮೇಜಿನಲ್ಲಿಲ್ಲ, ಮಧ್ಯಾಹ್ನ ಅದಲುಬದಲು. ಹಿಡಿತಕ್ಕೆ ಸಿಗದ ದೂರುಗಳೆಲ್ಲ ಇಲ್ಲಿಂದಲೇ ಹುಟ್ಟುವುದು. ಎರಡನೆಯದು ಬೇಕೇ ಬೇಕಿದ್ದರೆ ಅದೇ ದಾಖಲೆಗಳಿರುವ ಇನ್ನೊಂದು ಒಳಗಿನ ಸರ್ವರ್ ಇಡಿ, ಇಲ್ಲವಾದರೆ ಒಂದೇ ಸಾಕು.

ಡಿಗ್ ಹೇಳುತ್ತದೆ, ಪ್ರೋಗ್ರಾಂ ಕೇಳುವುದಿಲ್ಲ

ಡಿಗ್ ಮತ್ತು ಎನ್‌ಎಸ್‌ಲುಕಪ್ ನೇರ ಡಿಎನ್‌ಎಸ್ ಸರ್ವರನ್ನೇ ಕೇಳುತ್ತವೆ, ಹೋಸ್ಟ್ಸ್ ಫೈಲ್ ನೋಡುವುದಿಲ್ಲ. ಉಳಿದ ಪ್ರೋಗ್ರಾಂಗಳು ಎನ್‌ಎಸ್‌ಸ್ವಿಚ್.ಕಾನ್ಫ್ ಫೈಲಿನ ‘ಹೋಸ್ಟ್ಸ್’ ಸಾಲಿನಲ್ಲಿ ಬರೆದ ಕ್ರಮದಲ್ಲಿ ಹೋಗುತ್ತವೆ. ಆದ್ದರಿಂದ ಪ್ರೋಗ್ರಾಂ ಕಣ್ಣಿಗೆ ಏನು ಕಾಣುತ್ತದೆ ಎಂದು ತಿಳಿಯಲು ಡಿಗ್ ಬೇಡ, ಇದನ್ನು ಕೊಡಿ:

ಟೈಮ್ ಗೆಟೆಂಟ್ ಹೋಸ್ಟ್ಸ್ 192.168.1.23

ಡಿಗ್ ಚಕ್ಕನೆ ಬಂದು ಗೆಟೆಂಟ್ ತಡವಾದರೆ ಎನ್‌ಎಸ್‌ಸ್ವಿಚ್ ಸಾಲಿನಲ್ಲಿ ಡಿಎನ್‌ಎಸ್‌ಗೆ ಮೊದಲು ಏನಿದೆ ನೋಡಿ. ಗೆಟೆಂಟ್‌ನಲ್ಲಿ ಹಳೆಯ ಹೆಸರು ಬಂದರೆ ಯಾರೋ ಹಿಂದೆ ಹೋಸ್ಟ್ಸ್ ಫೈಲಿನಲ್ಲಿ ಬರೆದದ್ದು ಉಳಿದಿದೆ. ರಿಸಾಲ್ವ್.ಕಾನ್ಫ್‌ನಲ್ಲಿ 127.0.0.53 ಕಂಡರೆ ನಡುವೆ ಸಿಸ್ಟಮ್‌ಡಿ-ರಿಸಾಲ್ವ್‌ಡಿ ಎಂಬ ಲಿನಕ್ಸಿನ ಡಿಎನ್‌ಎಸ್ ಮಧ್ಯವರ್ತಿ ಕೂತಿದೆ. ಅದು ಯಾವ ಸರ್ವರನ್ನು ಕೇಳುತ್ತಿದೆ ಎಂದು ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ ಹೇಳುತ್ತದೆ, ಹಳೆಯ ನೆನಪು ಅಳಿಸಲು ‘ರಿಸಾಲ್ವ್‌ಸಿಟಿಎಲ್ ಫ್ಲಶ್-ಕ್ಯಾಶಸ್’. ವಿಂಡೋಸ್‌ನಲ್ಲಿ ‘ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್’. ಇದನ್ನು ಮರೆಯಬೇಡಿ, ‘ಇಲ್ಲ’ ಎಂಬ ಉತ್ತರವೂ ಕ್ಯಾಶ್‌ನಲ್ಲಿ ಕೂರುತ್ತದೆ. ಝೋನ್ ಸರಿಪಡಿಸಿದ ಮೇಲೂ ಝೋನಿನ ತಲೆಯಲ್ಲಿರುವ ಎಸ್‌ಒಎ ದಾಖಲೆಯಲ್ಲಿ ಹೇಳಿದಷ್ಟು ಹೊತ್ತು ಅದು ಉಳಿದು, ಸರಿಮಾಡಿದ್ದು ಸರಿಯಾಗಿಲ್ಲವೇನೋ ಎಂಬ ಅನುಮಾನ ಹುಟ್ಟಿಸುತ್ತದೆ.

ವಿಂಡೋಸ್‌ನ ಎನ್‌ಎಸ್‌ಲುಕಪ್ ತೆರೆದ ಕೂಡಲೇ ‘ಡಿಫಾಲ್ಟ್ ಸರ್ವರ್: ಅನ್‌ನೋನ್’ ಎನ್ನುವುದಕ್ಕೆ ಹೆದರಬೇಕಿಲ್ಲ. ಅದು ಮೊದಲು ಡಿಎನ್‌ಎಸ್ ಸರ್ವರಿನ ಸ್ವಂತ ಐಪಿಗೇ ಹೆಸರು ಹುಡುಕುತ್ತದೆ, ಸಿಗದಿದ್ದರೆ ಹೀಗೆ ಹೇಳುತ್ತದೆ. ಸರ್ವರಿನ ಪಿಟಿಆರ್ ಹಾಕಿದರೆ ಹೋಗುತ್ತದೆ.

ಕೈಯಿಂದ ಬರೆದ ಝೋನ್ ಫೈಲ್

ಬೈಂಡ್ ಎಂಬ ಡಿಎನ್‌ಎಸ್ ಸರ್ವರ್ ಬಳಸಿ ರಿವರ್ಸ್ ಝೋನ್ ಬರೆದಿದ್ದರೆ ಮೊದಲು ನೋಡಬೇಕಾದ್ದು ಒಂದು ಚುಕ್ಕೆ. 1.168.192.ಇನ್-ಆಡರ್.ಆರ್ಪಾ ಝೋನಿನಲ್ಲಿ

23 ಐಎನ್ ಪಿಟಿಆರ್ ಮೇಜು3.ವಖಾರಿ.ಹೋಮ್.ಆರ್ಪಾ.

ಎಂದು ಬರೆಯುವಾಗ ಕೊನೆಯ ಚುಕ್ಕೆ ಬಿಟ್ಟುಹೋದರೆ ಬೈಂಡ್ ಝೋನಿನ ಹೆಸರನ್ನೇ ಬಾಲಕ್ಕೆ ಅಂಟಿಸಿ ‘ಮೇಜು3.ವಖಾರಿ.ಹೋಮ್.ಆರ್ಪಾ.1.168.192.ಇನ್-ಆಡರ್.ಆರ್ಪಾ’ ಎಂದು ಉತ್ತರಿಸುತ್ತದೆ. ಡಿಗ್‌ನಲ್ಲಿ ಇಷ್ಟುದ್ದದ ಬಾಲ ಕಂಡರೆ ಬೇರೇನೂ ಹುಡುಕಬೇಡಿ. ಝೋನ್ ಫೈಲ್ ಪರೀಕ್ಷಿಸುವ ‘ನೇಮ್ಡ್-ಚೆಕ್‌ಝೋನ್’ ಇದನ್ನು ತಪ್ಪೆಂದು ಹಿಡಿಯುವುದಿಲ್ಲ, ಏಕೆಂದರೆ ವ್ಯಾಕರಣದ ಪ್ರಕಾರ ಅದು ಸರಿಯೇ. ಇನ್ನು, ತಿದ್ದಿದಾಗ ಸೀರಿಯಲ್ ಸಂಖ್ಯೆ ಏರಿಸದಿದ್ದರೆ ಎರಡನೇ ಸರ್ವರ್ ಹಳೆಯದನ್ನೇ ಹಿಡಿದಿರುತ್ತದೆ. 172.16ರಿಂದ 172.31ರ ವಿಳಾಸ ಬಳಸುವವರು ನೆನಪಿಡಬೇಕಾದ್ದು, ಅವಕ್ಕೆಲ್ಲ ಸೇರಿ ಒಂದು ಝೋನ್ ಸಾಲದು, 16.172ರಿಂದ 31.172ರ ತನಕ 16 ಝೋನ್ ಬೇಕು.

ಮೌನ ಆಗಾಗ ಮಾತ್ರ ಬಂದರೆ

ಕಾರವಾರದ ಬೈತಖೋಲ ಬಂದರಿನ ಆಸುಪಾಸಿನಂಥ ಕಡೆ ಇನ್ನೊಂದು ಬಗೆಯ ಕಾರಣ ಇರುತ್ತದೆ. ದಾಖಲೆ ಸರಿ, ಸರ್ವರ್ ಸರಿ, ಹತ್ತು ಸಲ ಕೇಳಿದರೆ ಒಂಬತ್ತು ಸಲ ಚಕ್ಕನೆ ಉತ್ತರ, ಒಂದು ಸಲ 5 ಸೆಕೆಂಡ್ ತಡ. ಡಿಎನ್‌ಎಸ್ ಪ್ರಶ್ನೆ ಸಾಮಾನ್ಯವಾಗಿ ಯುಡಿಪಿಯಲ್ಲಿ ಹೋಗುತ್ತದೆ, ದಾರಿಯಲ್ಲಿ ಒಂದು ಪ್ಯಾಕೆಟ್ ಕಳೆದರೆ ಮತ್ತೆ ಕಳಿಸುವುದು ಕೇಳಿದವನ ಹೊಣೆ, ಅವನು ಕೇಳುವುದು 5 ಸೆಕೆಂಡ್ ಬಿಟ್ಟು. ಉಪ್ಪುಗಾಳಿಗೆ ಆರ್‌ಜೆ45 ಕನೆಕ್ಟರಿನ ಪಿನ್‌ಗಳು ಹಸಿರುಗಟ್ಟಿರುತ್ತವೆ. ಫೈಲ್ ಕಾಪಿ ಮಾಡಿದರೆ ಟಿಸಿಪಿ ಕಳೆದುದನ್ನು ತಕ್ಷಣ ತುಂಬಿಕೊಳ್ಳುವುದರಿಂದ ಏನೂ ಗೊತ್ತಾಗುವುದಿಲ್ಲ. ಡಿಎನ್‌ಎಸ್‌ನಲ್ಲಿ ಮಾತ್ರ ಕುಂದು ಎದ್ದು ಕಾಣುತ್ತದೆ. ಡಿಎನ್‌ಎಸ್ ಸರ್ವರಿಗೆ ಒಂದು ಸಾವಿರ ಪಿಂಗ್ ಕಳಿಸಿ ಎಷ್ಟು ಕಳೆದವು ನೋಡಿ, ಸ್ವಿಚ್ಚಿನ ಪೋರ್ಟಿನ ಎರರ್ ಎಣಿಕೆ ನೋಡಿ. ಏರುತ್ತಿದ್ದರೆ ತುದಿ ಕತ್ತರಿಸಿ ಹೊಸ ಕನೆಕ್ಟರ್ ಕ್ರಿಂಪ್ ಮಾಡಿಸಿ. ಕಾನ್ಫಿಗರೇಶನ್ ಮುಟ್ಟಬೇಡಿ.

ಐಪಿವಿ6 ಬಗ್ಗೆ ಒಂದು ಮಾತು. ರೂಟರ್ ಐಪಿವಿ6 ಕೊಡುತ್ತಿದ್ದರೆ ಒಳಗಿನ ಯಂತ್ರಗಳು ತಮ್ಮತಮ್ಮಲ್ಲೂ ಅದನ್ನೇ ಬಳಸಬಹುದು. ಆಗ ರಿವರ್ಸ್ ಪ್ರಶ್ನೆ ಐಪಿ6.ಆರ್ಪಾ ಕೆಳಗೆ 32 ಅಂಕಿಗಳನ್ನು ಒಂದೊಂದಾಗಿ ಚುಕ್ಕೆಯಿಟ್ಟು ತಿರುಗಿಸಿದ ಹೆಸರಿನಲ್ಲಿ ಹೋಗುತ್ತದೆ. ಐಪಿವಿ4 ಝೋನ್ ಎಷ್ಟು ಚೊಕ್ಕ ಇದ್ದರೂ ತಡ ಹಾಗೇ ಉಳಿದರೆ ಟಿಸಿಪಿಡಂಪ್‌ನಲ್ಲಿ ಆ ಉದ್ದ ಹೆಸರು ಹೋಗುತ್ತಿದೆಯೇ ನೋಡಿ.

ಮೇಲ್ ವಾಪಸ್ ಬರುವುದು

ಇದು ಬೇರೆ ಊರಿನ ಬೇರೆ ದಾರಿ. ಕಚೇರಿಯಲ್ಲೇ ಮೇಲ್ ಸರ್ವರ್ ಇಟ್ಟವರಿಗೆ ಜಿಮೇಲ್‌ನಿಂದ 550-5.7.25 ಎಂಬ ಸಂಖ್ಯೆಯೊಂದಿಗೆ ಪತ್ರ ವಾಪಸ್ ಬಂದರೆ ಅದರರ್ಥ ಕಳಿಸಿದ ಐಪಿಗೆ ಪಿಟಿಆರ್ ಇಲ್ಲ, ಅಥವಾ ಪಿಟಿಆರ್ ಹೇಳುವ ಹೆಸರು ತಿರುಗಿ ಅದೇ ಐಪಿಗೆ ಬರುವುದಿಲ್ಲ. ಇಲ್ಲಿ ಒಳಗಿನ ಝೋನ್ ತಿದ್ದಿ ಉಪಯೋಗವಿಲ್ಲ, ಡೊಮೇನ್ ಮಾರಿದವರ ಪ್ಯಾನೆಲ್‌ನಲ್ಲಿ ಹುಡುಕಿಯೂ ಉಪಯೋಗವಿಲ್ಲ. ಸಾರ್ವಜನಿಕ ಐಪಿ ಇಂಟರ್ನೆಟ್ ಕೊಟ್ಟವರದು, ಪಿಟಿಆರ್ ಅವರೇ ಹಾಕಬೇಕು.

ಅವರಿಗೆ ಬರೆಯುವ ಮೊದಲು ನಿಮ್ಮ ಐಪಿ ನಿಜಕ್ಕೂ ನಿಮ್ಮದೇ ಎಂದು ಖಾತ್ರಿ ಮಾಡಿಕೊಳ್ಳಿ. ರೂಟರಿನ ವ್ಯಾನ್ ಕಡೆಯ ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ನೀವು ಹಲವರ ಜೊತೆ ಒಂದೇ ಸಾರ್ವಜನಿಕ ಐಪಿ ಹಂಚಿಕೊಂಡಿದ್ದೀರಿ, ಆ ಲೈನಿನಲ್ಲಿ ಮೇಲ್ ಸರ್ವರ್ ನಡೆಸುವ ಆಸೆ ಬಿಡಬೇಕು. ಸ್ಟ್ಯಾಟಿಕ್ (ಬದಲಾಗದ) ಐಪಿ ಇದ್ದರೆ ಮೊದಲು ನಿಮ್ಮ ಡೊಮೇನಿನಲ್ಲಿ ಮೇಲ್ ಸರ್ವರಿನ ಹೆಸರಿಗೆ ‘ಎ’ ದಾಖಲೆ (ಹೆಸರಿನಿಂದ ಐಪಿ ಹೇಳುವ ಸಾಲು) ಹಾಕಿ, ಅದು ಸರಿಯಾಗಿ ಆ ಐಪಿಗೆ ಬರುತ್ತಿದೆ ಎಂದು ನೋಡಿ, ಆಮೇಲೆ ಐಪಿಯನ್ನೂ ಪೂರ್ತಿ ಹೆಸರನ್ನೂ ಒಂದೊಂದು ಸಾಲಿನಲ್ಲಿ ಬರೆದು ಕೇಳಿ. ‘ರಿವರ್ಸ್ ಡಿಎನ್‌ಎಸ್ ಕೆಲಸ ಮಾಡುತ್ತಿಲ್ಲ’ ಎಂದಷ್ಟೇ ಬರೆದರೆ ದೂರು ರೂಟರ್ ರೀಸೆಟ್ ಮಾಡಿಸುವವರ ಕೈಗೆ ಹೋಗುತ್ತದೆ. ‘ಈ ಐಪಿಗೆ ಈ ಹೆಸರಿನ ಪಿಟಿಆರ್ ದಾಖಲೆ ಹಾಕಿಕೊಡಿ’ ಎಂದು ಬರೆದರೆ ಡಿಎನ್‌ಎಸ್ ನೋಡುವವರ ಕೈಗೆ.

ಕೆಲವರು 8 ಅಥವಾ 16 ಐಪಿಗಳ ತುಂಡು ಕೊಟ್ಟಾಗ ಅದರ ರಿವರ್ಸ್ ಝೋನನ್ನು ನಿಮ್ಮ ಸರ್ವರಿಗೇ ದಾಟಿಸುತ್ತಾರೆ, 1998ರ ಆರ್‌ಎಫ್‌ಸಿ 2317 ತೋರಿಸಿದ ಸಿನೇಮ್ (ಒಂದು ಹೆಸರಿನಿಂದ ಇನ್ನೊಂದಕ್ಕೆ ಕೈ ತೋರಿಸುವ ದಾಖಲೆ) ದಾರಿಯಲ್ಲಿ. ಅಲ್ಲಿ ಝೋನಿನ ಹೆಸರು ಅವರು ಇಟ್ಟಂತೆಯೇ ಇರಬೇಕು, ಒಂದು ಗೆರೆ ಹೆಚ್ಚುಕಡಿಮೆಯಾದರೂ ಉತ್ತರ ಸಿಗುವುದಿಲ್ಲ. ಅವರು ‘ಆಯ್ತು’ ಎಂದ ಮೇಲೆ ‘ಡಿಗ್ -ಎಕ್ಸ್’ ಜೊತೆ ‘+ಟ್ರೇಸ್’ ಹಾಕಿ ಮೇಲಿನಿಂದ ಕೆಳಗೆ ಯಾವ ಸರ್ವರ್ ಯಾರ ಕಡೆ ಕೈ ತೋರಿಸುತ್ತಿದೆ ನೋಡಿ. ಕೊನೆಯ ಸರ್ವರಿನಿಂದ ಸರಿಯಾದ ಹೆಸರು ಬಂದರೆ ನಿಮ್ಮ ಕೆಲಸ ಮುಗಿಯಿತು; ಹಳೆಯ ದಾಖಲೆಯ ಟಿಟಿಎಲ್ (ನೆನಪಿಟ್ಟುಕೊಳ್ಳುವ ಅವಧಿ) ತೀರಿದ ಮೇಲೆ ಒಂದು ಪರೀಕ್ಷೆಯ ಮೇಲ್ ಕಳಿಸಿ.